ಗಾಡಿ ಟೈರು ಯಾವಾಗ ಬದಲಿಸಬೇಕು?

ನಮ್ಮದು ಕಡೂರು ಸೀಮೆಯ ಒಣಬೇಸಾಯ. ಕುರಿಗೊಬ್ಬರ ತುಂಬಿಕೊಂಡು ಮಲ್ಲಂದೂರಿನ ಕಾಫಿ ತೋಟಗಳಿಗೆ ಪಿಕಪ್ಪು ಹೊಡೆಯುತ್ತೇನೆ. ಬಯಲ ರಸ್ತೆಯಲ್ಲಿ ಸವೆದ ಟೈರೂ ಓಡುತ್ತೆ. 'ಇನ್ನೊಂದು ವರ್ಷ ಬರಲಿ' ಅಂತ ಬಿಟ್ಟಿದ್ದೆ. ಹೋದ ಮೇ ತಿಂಗಳ ಮಳೆಯಲ್ಲಿ ಮಲ್ಲಂದೂರಿನ ಇಳಿಜಾರಲ್ಲಿ ಬ್ರೇಕು ತುಳಿದೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ! ಚರಂಡಿ ಪಕ್ಕದ ದಿಬ್ಬ ತಡೆದದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಟೈರಿಗೆ ಗೀರು ಇರುವುದೇ ಅಡಿಯ ನೀರನ್ನು ಆಚೆ ತಳ್ಳಲಿಕ್ಕೆ. ಗೀರು ಸವೆದರೆ ನೀರು ಅಲ್ಲೇ ಉಳಿದು ಗಾಡಿ ಜಾರುತ್ತದೆ. ಬಗ್ಗಿ ನೋಡಿ, ಗೀರಿನ ತಳದಲ್ಲಿ ಅಡ್ಡಲಾಗಿ ಸಣ್ಣ ರಬ್ಬರು ದಿಂಡು ಇರುತ್ತದೆ. ಟೈರಿನ ಪಕ್ಕದ ತ್ರಿಕೋನ ಗುರುತೋ ಟಿ.ಡಬ್ಲ್ಯೂ.ಐ. ಅಕ್ಷರವೋ ಅದರ ಜಾಗ ತೋರಿಸುತ್ತೆ. ಟೈರು ಸವೆದು ಆ ದಿಂಡಿಗೆ ಸಮವಾದರೆ ಉಳಿದದ್ದು 1.6 ಮಿ.ಮೀ.; ಕಾನೂನಿನ ಕೊನೇ ಮಿತಿಯೂ ಅಷ್ಟೇ. ಮಳೆಗಾಲದಲ್ಲಿ ಘಟ್ಟ ಹತ್ತುವವರು ಅಲ್ಲೀತನಕ ಕಾಯಬೇಡಿ, 3 ಮಿ.ಮೀ. ಇರುವಾಗಲೇ ಬದಲಿಸಿ ಅನ್ನೋದು ನನ್ನ ಮಾತು.

ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡು ಸವೆದರೆ ಗಾಳಿ ಜಾಸ್ತಿ, ಒಂದೇ ಅಂಚಾದರೆ ಅಲೈನ್‌ಮೆಂಟು ತಪ್ಪಿದೆ. ಗೀರು ಚೆನ್ನಾಗಿದ್ದರೂ ಪಕ್ಕದಲ್ಲಿ ಉಬ್ಬು, ಆಳದ ಬಿರುಕು ಕಂಡರೆ ತೆಗೆದುಬಿಡಿ. ಹಳೇ ಟೈರು ಕೊಳ್ಳುವಾಗ ಪಕ್ಕದ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು.

ನನ್ನ ಬೋಳು ಟೈರುಗಳು ಈಗ ಹುಲ್ಲಿನ ಬಣವೆಯ ಟಾರ್ಪಾಲಿಗೆ ಭಾರವಾಗಿ ಕೂತಿವೆ.