ಕಾರಿನ ಪರದೆ ಕಪ್ಪಾದರೆ

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕಾಲದ ರೇಡಿಯೋ ಪೆಟ್ಟಿಗೆಗೆ ಇದ್ದುದು ಒಂದೇ ಕೆಲಸ. ಅದು ಮೂಕವಾದರೆ ಹಾಡು ನಿಲ್ಲುತ್ತಿತ್ತೇ ಹೊರತು ಮನೆಯ ದೀಪ ಆರುತ್ತಿರಲಿಲ್ಲ. ಬಹುಕಾಲ ಕಾರಿನ ರೇಡಿಯೋ ಸಹ ಹೀಗೆಯೇ ಇತ್ತು. ಇಂದಿನ ಕಾರಿನಲ್ಲಿ ಚಾಲಕನ ಪಕ್ಕಕ್ಕೆ ಕೂಡಿಸಿರುವ ಗಾಜಿನ ಪರದೆಯ ಸಂಗತಿ ಬೇರೆ. ಹಾಡು, ಫೋನು, ದಾರಿಯ ನಕ್ಷೆ, ಹಿಂಬದಿಯ ಕ್ಯಾಮೆರಾ, ಕೆಲವು ಕಾರುಗಳಲ್ಲಿ ಏ.ಸಿ.ಯ ಹತೋಟಿ ಕೂಡ ಅದರೊಳಗೇ ಸೇರಿಹೋಗಿವೆ. ಇನ್ಫೋಟೈನ್‌ಮೆಂಟ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ. ಜನರ ಬಾಯಲ್ಲಿ ಅದು ಬರಿಯ 'ಸ್ಕ್ರೀನು'.

ಮಂಡ್ಯ ತಾಲ್ಲೂಕಿನ ಕೆರಗೋಡಿನ ಕಡೆಗೆ ಬೆಂಗಳೂರಿನಿಂದ ಒಂದು ಸಂಸಾರ ಹೊರಟಿದೆಯೆಂದು ಭಾವಿಸೋಣ. ಹೆದ್ದಾರಿಯನ್ನು ಬಿಟ್ಟು ಕಬ್ಬಿನ ಗದ್ದೆಗಳ ನಡುವಣ ರಸ್ತೆಗೆ ತಿರುಗಿದ ಮೇಲೆ ಪರದೆ ತಟಕ್ಕನೆ ಕಪ್ಪಾಗುತ್ತದೆ. ಸಂಜೆಯ ಹೊತ್ತು; ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು; ಹಿಂದಕ್ಕೆ ಸರಿದು ದಾರಿ ಕೊಡಬೇಕು. ಹಿಂಬದಿಯ ಚಿತ್ರವಿಲ್ಲ, ನಕ್ಷೆಯಿಲ್ಲ. ಇಂಥ ಗಳಿಗೆಯಲ್ಲಿ ಗಾಬರಿಯೇ ಯಂತ್ರದ ದೋಷಕ್ಕಿಂತ ದೊಡ್ಡ ಅಪಾಯ.

ಮೊದಲು ತಿಳಿದಿರಬೇಕಾದ ಸಂಗತಿಯೊಂದುಂಟು. ಸಾಮಾನ್ಯವಾಗಿ ಬ್ರೇಕು, ಸ್ಟೀರಿಂಗು, ಮುಂದೀಪ ಇವು ಈ ಪರದೆಯನ್ನು ಅವಲಂಬಿಸಿರುವುದಿಲ್ಲ. ಕನ್ನಡಿಗಳು ಎಲ್ಲಿಯೂ ಹೋಗಿರುವುದಿಲ್ಲ. ಮನೆಯವರೊಬ್ಬರು ಇಳಿದು ಪಕ್ಕದಲ್ಲಿ ನಿಂತು 'ಬನ್ನಿ, ಬನ್ನಿ, ಸಾಕು' ಎಂದರೆ ಹಿಂದಕ್ಕೆ ಸರಿಯಬಹುದು. ಊರಿನ ದಾರಿಯನ್ನು ಹೇಳಲು ಊರಿನವರಿದ್ದಾರೆ. ಓಡುತ್ತಿರುವ ಕಾರಿನಲ್ಲಿ ಪರದೆಯನ್ನು ಕುಟ್ಟುತ್ತ ಕೂಡುವುದು ಮಾತ್ರ ಸಲ್ಲದು.

ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿದ ಮೇಲೆ, ಚುಚ್ಚಿರುವ ಪೆನ್‌ಡ್ರೈವನ್ನೂ ಫೋನಿನ ತಂತಿಯನ್ನೂ ತೆಗೆಯಬೇಕು. ಎಂಜಿನನ್ನು ಆರಿಸಿ, ಬಾಗಿಲು ಮುಚ್ಚಿ, ಕೆಲವು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಬೇಕು. ಅನೇಕ ಕಾರುಗಳಲ್ಲಿ ಪರದೆಯ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಅದು ಹೊಸದಾಗಿ ಎಚ್ಚರಗೊಳ್ಳುತ್ತದೆ. ಕಾರಿನ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಆ ವಿಧಾನ ಇರುತ್ತದೆ. ಆಗಲೂ ಬೆಳಕು ಬಾರದಿದ್ದರೆ ಫ್ಯೂಸು ಸುಟ್ಟಿರಬಹುದು, ಇಲ್ಲವೆ ಬ್ಯಾಟರಿ ಬಲಗುಂದಿರಬಹುದು. ಸುಟ್ಟ ಫ್ಯೂಸಿನ ಬದಲಿಗೆ ಅಷ್ಟೇ ಆಂಪಿಯರಿನದನ್ನು ಹಾಕಬೇಕಲ್ಲದೆ ಹೆಚ್ಚಿನದನ್ನು ಹಾಕಬಾರದು. ತಂತಿಗಳನ್ನು ಕತ್ತರಿಸಿ ಜೋಡಿಸುವ ಸಾಹಸಕ್ಕೆ ಕೈಹಾಕಿದರೆ ವಾರಂಟಿಯ ಹಕ್ಕಿಗೆ ಕುಂದು ಬರಬಹುದು.

ದೋಷ ಯಾವಾಗಲೂ ತಂತಿಯಲ್ಲಿಯೇ ಇರಬೇಕೆಂದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಟೆಸ್ಲಾ ಕಂಪನಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಪರದೆಯ ಹಿಂದಿನ ಸ್ಮೃತಿಕೋಶವು ಮತ್ತೆ ಮತ್ತೆ ಬರೆಸಿಕೊಂಡು ಸವೆದುಹೋಗುತ್ತಿದ್ದುದೇ ಕಾರಣ. ಪಾಟಿ ಅಳಿಸಿ ಅಳಿಸಿ ಸವೆಯುವಂತೆ ಅದಕ್ಕೂ ಒಂದು ಆಯುಸ್ಸುಂಟು. ಮರುವರ್ಷ ಸಿಯಾಟಲ್ ನಗರದ ಸುತ್ತ ನಡೆದುದು ಇನ್ನೂ ವಿಚಿತ್ರ. ಅಲ್ಲಿನ ಬಾನುಲಿ ಕೇಂದ್ರವೊಂದು ಧ್ವನಿಯ ಜೊತೆಗೆ ಕಳುಹಿಸಿದ ಚಿತ್ರಗಳ ಕಡತದ ಹೆಸರಿನ ಕೊನೆಯಲ್ಲಿ ಇರಬೇಕಾದ ಗುರುತು ಇರಲಿಲ್ಲ. ಆ ಕೇಂದ್ರವನ್ನು ಕೇಳುತ್ತಿದ್ದ, 2014ರಿಂದ 2017ರವರೆಗಿನ ಕೆಲವು ಮಾಜ್ದಾ ಕಾರುಗಳ ಪರದೆಗಳು ಅದನ್ನು ಅರಗಿಸಿಕೊಳ್ಳಲಾರದೆ ಆರಿ ಹತ್ತಿ, ಹತ್ತಿ ಆರಿ ನಿರುಪಯೋಗಿಯಾದವು. ಒಂದೇ ಪೆಟ್ಟಿಗೆಗೆ ಎಲ್ಲವನ್ನೂ ಕಟ್ಟಿದರೆ ಸಣ್ಣ ತಪ್ಪೂ ಎಲ್ಲವನ್ನೂ ಎಳೆದುಕೊಂಡು ಬೀಳುತ್ತದೆ.

ಸರ್ವಿಸ್ ಸೆಂಟರಿಗೆ ಹೋದಾಗ ಪರದೆ ಸುಸೂತ್ರವಾಗಿ ಬೆಳಗುವುದೂ, 'ಏನೂ ತೊಂದರೆ ಕಾಣುವುದಿಲ್ಲ, ಸಾರ್' ಎಂಬ ಉತ್ತರ ದೊರೆಯುವುದೂ ಅನೇಕರ ಅನುಭವ. ಆದುದರಿಂದ ಕೆಟ್ಟ ಗಳಿಗೆಯಲ್ಲೇ, ಕಾರು ನಿಂತಿರುವಾಗ, ಫೋನಿನಲ್ಲಿ ಚಿತ್ರ ತೆಗೆದು ದಿನ, ವೇಳೆ, ಓಡಿದ ಕಿಲೋಮೀಟರು ಇವನ್ನು ಬರೆದಿಡಬೇಕು. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿಯನ್ನು ಪಡೆಯಬೇಕು. ಬಾಯಿಮಾತಿಗೆ ಸಾಕ್ಷಿಯಿಲ್ಲ.

ಮತ್ತೆ ಮತ್ತೆ ಅಲೆಸಿದರೆ ಗ್ರಾಹಕನು ನಿಸ್ಸಹಾಯಕನೇನೂ ಅಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಕೆರಗೋಡಿನ ನಿವಾಸಿ ತನ್ನ ಮಂಡ್ಯ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ವ್ಯಾಜ್ಯಕ್ಕೆ ಕಾರಣವುಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಜಾಬ್ ಕಾರ್ಡುಗಳ ಬೆಲೆ ಅರಿವಾಗುವುದು ಅಲ್ಲಿಯೇ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ವಿಚಾರಕ್ಕಾಗಿ ಸಮಿತಿಯೊಂದನ್ನು ರಚಿಸಿ, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಕೊಂಡ ವಸ್ತುವನ್ನು ನ್ಯಾಯವಾದ ಬೆಲೆಗೆ ರಿಪೇರಿ ಮಾಡಿಸಿಕೊಳ್ಳುವುದು ದಾಕ್ಷಿಣ್ಯದ ಮಾತಲ್ಲವೆಂಬ ತಿಳಿವು ಬೆಳೆಯುತ್ತಿರುವುದು ಸಂತೋಷದ ವಿಷಯ.

ಹೊಸ ಕಾರನ್ನು ಆರಿಸುವವರು ಪರದೆಯ ಅಗಲಕ್ಕೆ ಮರುಳಾಗದೆ ಒಂದು ಪರೀಕ್ಷೆಯನ್ನು ಮಾಡಬೇಕು: ಇದು ಆರಿಹೋದರೆ ಗಾಜಿನ ಮಂಜನ್ನು ತೆಗೆಯಲು, ಏ.ಸಿ.ಯನ್ನು ಕಡಿಮೆ ಮಾಡಲು ಬೇರೆ ಗುಂಡಿ ಇದೆಯೇ? ಯೂರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೇ 2026ರಿಂದ ಅತ್ಯುಚ್ಚ ಶ್ರೇಣಿಗೆ ದಿಕ್ಕುದೀಪ, ಅಪಾಯಸೂಚಕ ದೀಪ, ಹಾರನ್, ವೈಪರ್, ತುರ್ತು ಕರೆ ಇವಕ್ಕೆ ಪ್ರತ್ಯೇಕ ಗುಂಡಿ ಅಥವಾ ಹಿಡಿ ಇರಬೇಕೆಂಬ ನಿಯಮ ತಂದಿದೆ. ರಸ್ತೆಯನ್ನು ನೋಡುತ್ತಲೇ ಬೆರಳು ತಡವಿ ಗುರುತಿಸುವ ಗುಂಡಿಯ ಯೋಗ್ಯತೆ ನುಣುಪಾದ ಗಾಜಿಗೆ ಬಾರದು. ಹಾಡು ನಿಂತರೆ ಪ್ರಯಾಣ ಕೊಂಚ ಬೇಸರವಾದೀತು, ಅಷ್ಟೆ. ದಾರಿ ಕಾಣುವುದು ಮಾತ್ರ ಹಾಡಿನ ಪೆಟ್ಟಿಗೆಯ ಹಂಗಿನಲ್ಲಿ ಇರಕೂಡದು.