ನರಸಾಪುರದ ಅಲ್ಪಾಯುಷಿ ರಾಜರಥ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಚೆನ್ನೈ ಕಡೆ ಹೋಗುವ ಹೆದ್ದಾರಿಯಲ್ಲೇ ನರಸಾಪುರವಿದೆ. ಸುತ್ತ ಟೊಮ್ಯಾಟೊ, ಹಿಪ್ಪುನೇರಳೆ, ರಾಗಿ. ಸ್ವೀಡನ್ನಿನ ಸ್ಕೇನಿಯಾ ಕಂಪನಿ ತನ್ನ ಐಷಾರಾಮಿ ಮೆಟ್ರೋಲಿಂಕ್ ಬಸ್ಸನ್ನು ಕಟ್ಟಿದ್ದು ಈ ಊರಿನಲ್ಲಿ ಎಂದರೆ ನಂಬುತ್ತೀರಾ? ನಂಬಿ, ಇದು ನಿಜ!

1891ರಲ್ಲಿ ಸೋಡರ್ಟೆಲ್ಯ ಎಂಬ ಊರಿನಲ್ಲಿ ರೈಲು ಬೋಗಿ ಮಾಡಲು ಹುಟ್ಟಿದ ಕಂಪನಿಯೊಂದು ಸ್ಕೇನಿಯಾದ ಮೂಲ. ಅದು 2015ರಲ್ಲಿ ಕೋಲಾರದ ನೆಲದಲ್ಲಿ ಬಸ್ ಕಾರ್ಖಾನೆ ತೆರೆಯಿತು. ಇನ್ನೂ ಸೋಜಿಗವೆಂದರೆ, ಅದೇ ಹೆದ್ದಾರಿಯ ಹೊಸಕೋಟೆಯಲ್ಲಿ ಸ್ವೀಡನ್ನಿನದ್ದೇ ಆದ ವೋಲ್ವೊ ಆಗಲೇ ಬೇರೂರಿತ್ತು. ಸ್ವೀಡನ್ನಿನ ಇಬ್ಬರು ಬದ್ಧ ಪ್ರತಿಸ್ಪರ್ಧಿಗಳಿಗೆ ನಮ್ಮದೊಂದೇ ರಸ್ತೆ!

ಬಸ್ಸಾದರೂ ಎಂಥದ್ದು! ದೊಡ್ಡ ಮಾದರಿಯ ಉದ್ದ 14.5 ಮೀಟರ್, ಮೂರು ಆಕ್ಸಲ್, 410 ಅಶ್ವಶಕ್ತಿ. ನನ್ನನ್ನು ಬೆರಗುಗೊಳಿಸಿದ್ದು ಅದರ ರಿಟಾರ್ಡರ್. ಗೇರ್‌ಬಾಕ್ಸಿನ ಹಿಂದೆ ಒಂದು ಪುಟ್ಟ ಕೋಣೆ, ಅದರೊಳಗೆ ತಿರುಗುವ ಚಕ್ರವೊಂದು, ಎದುರಿಗೆ ತಿರುಗದ ಚಕ್ರವೊಂದು. ಚಾಲಕ ಲಿವರ್ ಎಳೆದರೆ ಒಳಗೆ ಎಣ್ಣೆ ನುಗ್ಗುತ್ತದೆ. ಆ ಎಣ್ಣೆಯೇ ತಿರುಗುವ ಚಕ್ರಕ್ಕೆ ಅಡ್ಡ ನಿಲ್ಲುತ್ತದೆ! ಹುಟ್ಟುವ ಬಿಸಿಯನ್ನು ಎಂಜಿನ್ನಿನ ರೇಡಿಯೇಟರ್ ಹೊರಹಾಕುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಲೈನರ್ ಕಾದು ಕೈಕೊಡುವ ಭಯ ದೂರ. ನಮ್ಮ ಕೆಎಸ್ಆರ್‌ಟಿಸಿ ಈ ಬಸ್ಸುಗಳನ್ನು ಐರಾವತ ಡೈಮಂಡ್ ಕ್ಲಾಸ್ ಎಂದು ಕರೆಯಿತು. ಕೇರಳದವರು ಗರುಡ ಮಹಾರಾಜ ಎಂದರು.

ಅಮೆರಿಕದಲ್ಲಿ ಇದಕ್ಕೊಂದು ಜೋಡಿ ಕಥೆಯಿದೆ. ಕ್ಯಾಡಿಲಾಕ್ ಅಲಾಂಟೆ ಎಂಬ ಎರಡೇ ಸೀಟಿನ ಐಷಾರಾಮಿ ಕಾರಿನ ಬಾಡಿ ತಯಾರಾಗುತ್ತಿದ್ದುದು ಇಟಲಿಯ ಟ್ಯೂರಿನ್ ನಗರದ ಪಿನಿನ್‌ಫರೀನಾ ಕಂಪನಿಯಲ್ಲಿ. ಬೋಯಿಂಗ್ 747 ವಿಮಾನ ಒಂದು ಸಲಕ್ಕೆ 56 ಬಾಡಿಗಳನ್ನು ಹೊತ್ತು ಡೆಟ್ರಾಯಿಟ್‌ಗೆ ಹಾರುತ್ತಿತ್ತು! ಎಂಜಿನ್ ಕೂರಿಸುವುದು ಅಲ್ಲಿ. 1987ರ ಮಾದರಿಯಾಗಿ ಬಂದ ಕಾರು 1993ಕ್ಕೆ ನಿಂತೇ ಹೋಯಿತು. ಅಲ್ಲಿ ಸಮುದ್ರ ದಾಟಿದ್ದು ಬಾಡಿ. ನರಸಾಪುರದಲ್ಲಿ ಅದೇ ಕಥೆ ತಿರುವುಮುರುವು: ಎಂಜಿನ್ ಸಮುದ್ರ ದಾಟಿ ಬಂತು, ಬಾಡಿ ಕಟ್ಟಿದ್ದು ಕೋಲಾರದಲ್ಲಿ.

ಆಯಸ್ಸು ಮಾತ್ರ ಅಲಾಂಟೆಗಿಂತಲೂ ಕಡಿಮೆ. 2018ರಲ್ಲಿ ಸ್ಕೇನಿಯಾ ಇಲ್ಲಿ ಬಸ್ ಕಟ್ಟುವುದನ್ನು ನಿಲ್ಲಿಸಿತು. ಬರೀ ಮೂರು ವರ್ಷ! ಈಗ ನರಸಾಪುರವೆಂದರೆ ಹೋಂಡಾ ಸ್ಕೂಟರ್, ಐಫೋನ್.

ಕೋಲಾರದ ಕೈಗಾರಿಕೆಯ ಚರಿತ್ರೆ ಬರೆಯುವವರು 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಹತ್ತಿರವೇ ನಿಂತುಬಿಡಬೇಡಿ. ಆ ಬಸ್ ಕಾರ್ಖಾನೆಯಲ್ಲಿ ದುಡಿದವರು ನಮ್ಮ ನಡುವೆಯೇ ಇರುವಾಗಲೇ ಅವರನ್ನು ಮಾತಾಡಿಸಿ, ಬರೆದಿಡಿ.