ನೀರು ಎಷ್ಟು ಬಿಸಿ ಇತ್ತಮ್ಮಾ?

ಹುಡುಗನಿಗೆ ಎಂಟು ವರ್ಷವಿರಬೇಕು. ತಾಯಿ ಅವನ ಕೈ ಬಿಡದೆ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ವಾರಕ್ಕೊಂದು ಸಲ ಫಿಟ್ಸ್, ಅದೂ ಹೆಚ್ಚಾಗಿ ಭಾನುವಾರವೇ. ಗಾಳಿ ಸೋಕಿದೆ ಎಂದು ಯಾರೋ ಹೇಳಿದ್ದರಿಂದ ತಾಯತ ಕಟ್ಟಿಸಿದ್ದಾಯಿತು, ವಿದುರಾಶ್ವತ್ಥದಲ್ಲಿ ನಾಗರಕಲ್ಲಿಗೆ ಹರಕೆ ಹೊತ್ತದ್ದಾಯಿತು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ನರರೋಗದ ಡಾಕ್ಟರು ಗೌರಿಬಿದನೂರಿಗೆ ಬರುವ ದಿನ ಯಾವುದೆಂದು ವಿಚಾರಿಸಿಕೊಂಡು ಬಂದಿದ್ದಳು. ಡಾಕ್ಟರು ತಲೆಯ ಸ್ಕ್ಯಾನಿಗೆ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟು: "ನೀರು ಎಷ್ಟು ಬಿಸಿ ಇತ್ತಮ್ಮಾ?"

ಆಕೆಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು. "ಎಣ್ಣೆ ಹಚ್ಚಿ ತಲೆಗೆ ನೀರು ಹಾಕ್ತೀನಿ ಸಾರ್. ಹಂಡೆ ನೀರು, ಚೆನ್ನಾಗಿ ಕಾದಿರ್ತೈತೆ. ಮೂರ್ನಾಲ್ಕು ಚೊಂಬು ಹಾಕೋಷ್ಟ್ರಲ್ಲಿ ಕಣ್ಣು ಮ್ಯಾಲಕ್ಕೆ ಹೋಗ್ತಾವೆ."

ಆಗ ನಾನು ಸರ್ಕಾರಿ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. 1988ರಿಂದ 2024ರವರೆಗೆ, ಮೂವತ್ತಾರು ವರ್ಷ, ಈ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಕಿಟಕಿಯ ಒಳಗೆ ಕೂತು ಚೀಟಿ ನೋಡಿ ಮಾತ್ರೆ ಎಣಿಸಿ ಕೊಡುವವಳು. ನಿಮ್ಹಾನ್ಸ್ ತಂಡ ಬರುವ ದಿನ ಔಷಧಿ ಕೊಡಲು ಕೈಯಾಸರೆಗೆ ಹೋಗುತ್ತಿದ್ದೆ. ಮೂರ್ಛೆರೋಗದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಅಲ್ಲಿ ನಿಂತು ಕಿವಿಗೊಟ್ಟು ಕಲಿತದ್ದು.

ಆ ಹುಡುಗನಿಗಿದ್ದದ್ದು ಬಿಸಿನೀರಿನ ಮೂರ್ಛೆ. ನಮ್ಮ ಕಡೆ ತಲೆಸ್ನಾನವೆಂದರೆ ಹಂಡೆಯಲ್ಲಿ ಕುದಿಯುವ ಹಾಗೆ ಕಾಯಿಸಿದ ನೀರನ್ನು ಅಷ್ಟಿಷ್ಟು ಬೆರಕೆ ಮಾಡಿ, ಮಗುವಿನ ನೆತ್ತಿಯ ಮೇಲೆ ಚೊಂಬಿನ ಮೇಲೆ ಚೊಂಬು ಸುರಿಯುವುದು. ನೀರಿನ ಬಿಸಿ ಎಷ್ಟೋ ಸಲ 45-50 ಡಿಗ್ರಿ ಇರುತ್ತದೆ. ಕೆಲವರ ಮೆದುಳು ಆ ಬಿಸಿ ಒಂದೇ ಸಮನೆ ತಲೆಗೆ ಬಿದ್ದರೆ ತಡೆದುಕೊಳ್ಳುವುದಿಲ್ಲ. ಮಗು ಪಿಳಿಪಿಳಿ ನೋಡುತ್ತಾ ಮಾತು ನಿಲ್ಲಿಸುತ್ತದೆ, ಏನೋ ಗೊಣಗುತ್ತದೆ, ಕೆಲವು ಸಲ ಮೈಯೆಲ್ಲ ಸೆಟೆದು ಅದುರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಆ ಹೊತ್ತಿನಲ್ಲಿ ಒಂದು ಬಗೆಯ ಹಿತ ಅನ್ನಿಸಿ ತಾವೇ ಮತ್ತೆ ಮತ್ತೆ ನೀರು ಸುರಿದುಕೊಳ್ಳುವ ರೋಗಿಗಳೂ ಉಂಟು.

ಈ ಕಾಯಿಲೆಯನ್ನು ಮೊದಲು ದಾಖಲಿಸಿದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಲ್ಲಿ, ಒಬ್ಬ ಹುಡುಗನಲ್ಲಿ. ಬೇರೆ ದೇಶಗಳಲ್ಲಿ ಅಲ್ಲೊಂದು ಇಲ್ಲೊಂದು ಕಂಡದ್ದು ಕರ್ನಾಟಕದ ಬಚ್ಚಲುಮನೆಗಳಲ್ಲಿ ನೂರಾರು ಇದೆ ಎಂದು ತೋರಿಸಿದವರು ನಮ್ಮ ವೈದ್ಯರು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಅವರ ತಂಡ 1968ರಲ್ಲೇ ಇದರ ಬಗ್ಗೆ ಬರೆಯಿತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಆ 279 ಮಂದಿಯ ತಾಯಂದಿರು, ಅಜ್ಜಿಯರು ಬಚ್ಚಲಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳದಿದ್ದರೆ ಆ ಲೇಖನವೇ ಇರುತ್ತಿರಲಿಲ್ಲ. ತಜ್ಞರು ನಮಗೆ ಕಲಿಸಿದರು ಎನ್ನುತ್ತೇವೆ. ಇಲ್ಲಿ ತಜ್ಞರಿಗೆ ಕಲಿಸಿದವರು ನಮ್ಮ ಹೆಂಗಸರು.

ಚಿಕಿತ್ಸೆಯೂ ಅಷ್ಟೇ ಸರಳ. ನೀರು ಉಗುರು ಬೆಚ್ಚಗಿರಲಿ, ನೆತ್ತಿಯ ಮೇಲೆ ಒಂದೇ ಸಮ ಸುರಿಯಬೇಡಿ, ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿದರೂ ಆದೀತು. ಬಹಳ ಮಂದಿಗೆ ಇಷ್ಟರಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು, ಕ್ಲೋಬಜಾಮ್ ಎಂಬ ಮಾತ್ರೆ. ಪ್ರಮಾಣವನ್ನು ಮಗುವನ್ನು ನೋಡಿ ಡಾಕ್ಟರೇ ಬರೆಯಬೇಕು. ಬೇರೆ ಹೊತ್ತಿನಲ್ಲೂ ಫಿಟ್ಸ್ ಬರುವವರಿಗೆ ದಿನವೂ ಔಷಧಿ ಬೇಕಾಗುತ್ತದೆ. ಆ ಹುಡುಗನಿಗೆ ಬೇಕಾಗಲಿಲ್ಲ. "ಭಾನುವಾರದ ಮಾತ್ರೆ" ಎಂದು ಅವನ ಪೊಟ್ಟಣದ ಮೇಲೆ ನಾನೇ ಬರೆದುಕೊಟ್ಟಿದ್ದೆ.

ಗೌರಿಬಿದನೂರಿಗೂ ನಿಮ್ಹಾನ್ಸ್‌ಗೂ ಇರುವ ನಂಟು ನಮ್ಮ ಊರಿನವರಿಗೇ ಹೆಚ್ಚು ಗೊತ್ತಿಲ್ಲ. 1980ರ ದಶಕದಲ್ಲಿ ಡಾ. ಎಂ. ಗೌರಿದೇವಿ ಅವರ ತಂಡ ಇಲ್ಲಿನ ಊರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾರಿಗೆ ಯಾವ ನರಸಂಬಂಧಿ ಕಾಯಿಲೆ ಇದೆ ಎಂದು ಎಣಿಸಿತು. ಅದು 57,660 ಜನರ ಸಮೀಕ್ಷೆ. 1987ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಸಾವಿರಕ್ಕೆ ನಾಲ್ಕೂವರೆಯಷ್ಟು ಮಂದಿಗೆ ಮೂರ್ಛೆರೋಗವಿತ್ತು. ಅಂದರೆ ನಾಲ್ಕೈದು ಸಣ್ಣ ಹಳ್ಳಿ ಸೇರಿದರೆ ಏಳೆಂಟು ಮನೆಗಳಲ್ಲಿ ಈ ಕಾಯಿಲೆ. ಭಾರತದ ನರರೋಗಗಳ ಬಗ್ಗೆ ಯಾರು ಬರೆದರೂ ಅವರ ಪಟ್ಟಿಯಲ್ಲಿ ಗೌರಿಬಿದನೂರಿನ ಹೆಸರು ಬರುತ್ತದೆ. ಗೌರಿದೇವಿಯವರು ಮುಂದೆ ನಿಮ್ಹಾನ್ಸ್‌ನ ನಿರ್ದೇಶಕಿಯಾದರು.

ಅವರೆಲ್ಲ ಎಣಿಸಿಕೊಂಡು ಹೋಗಿ ಸುಮ್ಮನಾಗಲಿಲ್ಲ ಎಂಬುದೇ ನನ್ನ ಕಣ್ಣಿಗೆ ದೊಡ್ಡದು. ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರ, ಆನೇಕಲ್ಲಿನಂಥ ಕಡೆ ನಿಮ್ಹಾನ್ಸ್ ಡಾಕ್ಟರೇ ಬಂದು ನೋಡುವ ಶಿಬಿರಗಳು ಶುರುವಾದವು. ಇಲ್ಲಿಂದ ಬೆಂಗಳೂರು ಎಪ್ಪತ್ತೈದು ಕಿಲೋಮೀಟರು ಆಸುಪಾಸು. ರೈಲಿದೆ, ಬಸ್ಸಿದೆ, ದೂರವೇನಲ್ಲ ಅನ್ನಿಸಬಹುದು. ಆದರೆ ಕೂಲಿ ಮಾಡುವ ಹೆಂಗಸಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ದಾರಿಯಲ್ಲಿ ಮಗುವಿಗೆ ಫಿಟ್ಸ್ ಬಂದರೆ ಎಂಬ ಭಯ ಬೇರೆ. ಒಂದು ಸಲ ಹೋಗಿ ಬಂದವರು ಎರಡನೇ ಸಲ ಹೋಗುತ್ತಿರಲಿಲ್ಲ. ಈ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ಬೇಕು.

ಶಿಬಿರದಲ್ಲಿ ಹೆಚ್ಚಾಗಿ ಬರೆಯುತ್ತಿದ್ದದ್ದು ಫಿನೋಬಾರ್ಬಿಟೋನ್. ಚಿಕ್ಕ ಬಿಳಿ ಮಾತ್ರೆ, ರಾತ್ರಿಗೊಂದು, ಬಲು ಅಗ್ಗ, ನೂರು ವರ್ಷ ಹಳೆಯದು. ಹೊಸ ಮಾತ್ರೆಗಳು ಎಷ್ಟೋ ಬಂದಿವೆ, ಒಳ್ಳೆಯವೂ ಹೌದು. ಆದರೂ ಬಡವರ ಮನೆಯಲ್ಲಿ ಒಂದು ದಿನವೂ ತಪ್ಪದೆ ಹೊಟ್ಟೆಗೆ ಹೋದ ಹಳೆಯ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ ಎಂದು ನಾನು ಕಂಡಿದ್ದೇನೆ. ಸರಿಯಾಗಿ ಔಷಧಿ ತಗೊಂಡರೆ ನೂರರಲ್ಲಿ ಎಪ್ಪತ್ತು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಕಡೆ ಈ ಮಾತ್ರೆಯ ಸ್ಟಾಕು ಖಾಲಿಯಾಗಿ ಮೂರು ವಾರ ಬರಲಿಲ್ಲ. "ಮುಂದಿನ ವಾರ ಬಾರಪ್ಪ" ಎಂದು ಒಬ್ಬ ಹುಡುಗನನ್ನು ವಾಪಸ್ಸು ಕಳಿಸಿದವಳು ನಾನೇ. ರೇಷ್ಮೆ ಹುಳು ಸಾಕುವ ಮನೆಯವನು, ಹತ್ತೊಂಬತ್ತು ವರ್ಷ, ಎರಡು ವರ್ಷದಿಂದ ಒಂದೂ ಫಿಟ್ಸ್ ಬಂದಿರಲಿಲ್ಲ. ಹೊರಗೆ ಕೊಂಡುಕೊಳ್ಳಲು ಹೇಳಬೇಕೆಂದು ನನಗೆ ತೋಚಲಿಲ್ಲ. ಐದನೇ ದಿನ ಒಂದರ ಹಿಂದೆ ಒಂದು ಫಿಟ್ಸ್ ಬಂದು, ಪ್ರಜ್ಞೆ ಬರದೆ, ಅವನನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. ಉಳಿದ. ಈ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದೇ ಅಪಾಯ ಎಂದು ಆಮೇಲೆ ಶಿಬಿರದ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಅಂದಿನಿಂದ ಪೊಟ್ಟಣ ಕೊಡುವಾಗ ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತಾ ಬಂದೆ. "ಹತ್ತು ಮಾತ್ರೆ ಉಳಿದಾಗಲೇ ಬನ್ನಿ, ಮುಗಿಸಿಕೊಂಡು ಬರಬೇಡಿ."

ಹೆಣ್ಣುಮಕ್ಕಳ ಕಥೆಯೇ ಬೇರೆ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ಕಂಡರೆ ಗೊತ್ತಾಗುತ್ತದೆಂದು ಆ ಹುಡುಗಿ ಮಾತ್ರೆ ಬಿಡುತ್ತಾಳೆ. ಮೂರ್ಛೆರೋಗವಿದ್ದರೆ ಮದುವೆಯನ್ನು ರದ್ದು ಮಾಡಿಸಬಹುದು ಎಂಬ ಮಾತು ಹಿಂದೂ ವಿವಾಹ ಕಾಯ್ದೆಯಲ್ಲೇ ಇತ್ತು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯ್ದೆಯಿಂದ ಹೋದದ್ದು ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮಾವನ ಮನೆಯಿಂದ ತವರಿಗೆ ಬಂದಾಗಲೆಲ್ಲ ಸಂಜೆ ಕಿಟಕಿ ಮುಚ್ಚುವ ಹೊತ್ತಿಗೆ ಬಂದು, "ಮೇಡಂ, ಯಾರೂ ಇಲ್ಲ ತಾನೆ?" ಎಂದು ಕೇಳಿ ಸೆರಗಿನ ಗಂಟಿನಲ್ಲಿ ಮಾತ್ರೆ ಕಟ್ಟಿಕೊಂಡು ಹೋಗುತ್ತಿದ್ದ ಒಬ್ಬಾಕೆ ನನಗೆ ಈಗಲೂ ನೆನಪಾಗುತ್ತಾಳೆ.

ಈ ಹುಡುಗಿಯರ ವಿಷಯದಲ್ಲಿ ತಜ್ಞರು ಕಂಡುಕೊಂಡ ಒಂದು ಸಂಗತಿ ನಮ್ಮಂಥವರವರೆಗೂ ಬಂದು ಮುಟ್ಟಲೇಬೇಕಿತ್ತು. ವ್ಯಾಲ್ಪ್ರೊಯೇಟ್ ಎಂಬ ಮಾತ್ರೆ ಫಿಟ್ಸ್ ತಡೆಯುವುದರಲ್ಲಿ ಗಟ್ಟಿ, ಆದರೆ ಬಸುರಿ ತಗೊಂಡರೆ ಹುಟ್ಟುವ ಮಗುವಿನ ಬೆನ್ನುಹುರಿಗೆ, ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಆದ್ದರಿಂದ ಮಕ್ಕಳಾಗುವ ವಯಸ್ಸಿನವರಿಗೆ ಸಾಧ್ಯವಾದಷ್ಟು ಮಟ್ಟಿಗೆ ಬೇರೆ ಔಷಧಿ ಕೊಡುತ್ತಾರೆ, ಬಸುರಾಗುವ ಮೊದಲೇ ಫೋಲಿಕ್ ಆಸಿಡ್ ಶುರು ಮಾಡುತ್ತಾರೆ. ಇದನ್ನು ಕಲಿತ ಮೇಲೆ ಹೆಣ್ಣುಮಗಳ ಚೀಟಿಯಲ್ಲಿ ಆ ಹೆಸರು ಕಂಡರೆ ನಾನು ಎದ್ದು ಹೋಗಿ ಡಾಕ್ಟರನ್ನು ಒಂದು ಸಲ ಕೇಳಿ ಬರುತ್ತಿದ್ದೆ. ಮಾತ್ರೆಯನ್ನು ತಾವಾಗಿಯೇ ಬಿಡಬೇಡಿ ಎಂದು ಹುಡುಗಿಗೂ ಹೇಳುತ್ತಿದ್ದೆ, ಬಿಟ್ಟರೆ ತಾಯಿಗೂ ಮಗುವಿಗೂ ಇನ್ನೂ ಹೆಚ್ಚಿನ ಕೇಡು.

ಕಲಿಸುವ ರೀತಿಯೂ ಈಗ ಬದಲಾಗಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಎಂಬ ಲಿವರ್ ತಜ್ಞರು ಹಳ್ಳಿಗಾಡಿನ ಡಾಕ್ಟರುಗಳನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರಿಸಿ, ಅವರ ರೋಗಿಗಳ ಬಗ್ಗೆ ಅವರಿಂದಲೇ ಹೇಳಿಸಿ, ಜೊತೆಗೂಡಿ ಚಿಕಿತ್ಸೆ ತೀರ್ಮಾನಿಸುವ ಪದ್ಧತಿ ತಂದರು. ಹಾಗೆ ಹಳ್ಳಿಯಲ್ಲೇ ಚಿಕಿತ್ಸೆ ಪಡೆದವರಿಗೂ ದೊಡ್ಡಾಸ್ಪತ್ರೆಯಲ್ಲಿ ಪಡೆದವರಷ್ಟೇ ಗುಣವಾಯಿತು ಎಂದು 2011ರಲ್ಲಿ ತೋರಿಸಿದರು. ನಿಮ್ಹಾನ್ಸ್ 2014ರಿಂದ ಇದೇ ದಾರಿ ಹಿಡಿದಿದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಾಗಗಳು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆಗುಳಿತನ ಈ ನಾಲ್ಕನ್ನು ಗುರುತಿಸಿ ಚಿಕಿತ್ಸೆ ಕೊಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ.

ನಮ್ಮ ಯುವ ವೈದ್ಯೆಯೊಬ್ಬರು ತರಬೇತಿ ಮುಗಿಸಿ ಬಂದ ವಾರ ನಡೆದದ್ದನ್ನು ಹೇಳಬೇಕು. ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆತಂದಿದ್ದರು. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಿ ಎರಡು ಹಲ್ಲು ಮುರಿದಿದ್ದವು, ಕೈಯಲ್ಲಿ ಬೀಗದಕೈ ಹಿಡಿಸಿದ್ದರಿಂದ ಅಂಗೈ ತರಚಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿಯಿಂದ ಎದ್ದು ಬಂದು, ಆ ಮಗುವನ್ನು ಬೆಂಚಿನ ಮೇಲೆ ಪಕ್ಕಕ್ಕೆ ಮಲಗಿಸಿ, "ಹೀಗೆ ತಿರುಗಿಸಿ ಮಲಗಿಸಿ ಅಜ್ಜಿ, ಬಾಯಿಗೆ ಏನೂ ಹಾಕ್ಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ ಕರ್ಕೊಂಡು ಬನ್ನಿ" ಎಂದು ಅಜ್ಜಿಯ ಕೈಯಲ್ಲೇ ಎರಡು ಸಲ ಮಾಡಿಸಿದರು. ಆಮೇಲೆ ಕೇಳಿದರು, "ತಲೆಗೆ ನೀರು ಹಾಕುವಾಗ ಬರುತ್ತಾ?" ಮೂವತ್ತು ವರ್ಷ ಹಿಂದೆ ಬೆಂಗಳೂರಿನಿಂದ ಬಂದ ತಜ್ಞರ ಬಾಯಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಯ ಡಾಕ್ಟರ ಬಾಯಲ್ಲೇ ಕೇಳಿದಾಗ ನನ್ನ ಕಣ್ಣು ತುಂಬಿತು.

ಆಕೆಗೆ ಮರುವರ್ಷವೇ ವರ್ಗವಾಯಿತು. ಕಲಿತವರು ಹೋದ ಜಾಗಕ್ಕೆ ಬಂದವರು ಮೊದಲಿಂದ ಕಲಿಯಬೇಕು, ಅದಕ್ಕೆ ತರಬೇತಿ ನಿಲ್ಲದೆ ನಡೆಯಬೇಕು. ಡಾಕ್ಟರಿಗಷ್ಟೇ ಅಲ್ಲದೆ ನರ್ಸ್, ಫಾರ್ಮಸಿಸ್ಟ್, ಆಶಾ ಕಾರ್ಯಕರ್ತೆಗೂ ಕೊಡಬೇಕು. ರೋಗಿ ತಿಂಗಳು ತಿಂಗಳು ನೋಡುವುದು ನಮ್ಮಂಥವರ ಮುಖವನ್ನು.

ಇದನ್ನು ಓದುತ್ತಿರುವ ತಾಯಂದಿರಲ್ಲಿ ಒಂದು ಕೋರಿಕೆ. ಮಗುವಿಗೆ ಫಿಟ್ಸ್ ಬಂದದ್ದು ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ, ಎಷ್ಟು ನಿಮಿಷ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಸ್ಪತ್ರೆಗೆ ಹೋಗಿ. ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರೆ ಅದನ್ನೂ ತೋರಿಸಿ. ಮಾತ್ರೆ ಹತ್ತು ಉಳಿದಾಗಲೇ ಕಿಟಕಿಯ ಹತ್ತಿರ ಬನ್ನಿ.